ಚೆನ್ನಾಗಿದ್ದ ಟಿವಿಯನ್ನು ಬಿಚ್ಚಿದ ಕಥೆ

ಚೆನ್ನಾಗಿದ್ದ ಟಿವಿಯನ್ನು ಬಿಚ್ಚಿ ರಿಪೇರಿ ಮಾಡಿದವನು ಅಂತ ನಮ್ಮ ಗೋಡೌನಿನಲ್ಲಿ ನನಗೆ ಹೆಸರು ಬಿದ್ದಿದೆ. ಹೆಸರಿಟ್ಟವನು ಟೆಂಪೋ ಡ್ರೈವರ್. ಅವನಿಗೆ ಟಿವಿಯೊಳಗೆ ಹೈ ವೋಲ್ಟೇಜ್ ಹುಟ್ಟಿಸುವ ಎಲ್‌ಓಟಿ ಯಾವುದು, ಚಾನೆಲ್ ಹಿಡಿಯುವ ಟ್ಯೂನರ್ ಯಾವುದು ಗೊತ್ತಿಲ್ಲ. ಆದರೆ ಅವತ್ತು ಶೂಟಿಂಗ್ ಜಾಗದಲ್ಲಿ ಚಹಾ ಕುಡಿಯುತ್ತಾ ನಿಂತು ಎಲ್ಲ ನೋಡಿದ, ಆಮೇಲೆ ಊರಿಗೆಲ್ಲ ಹೇಳಿದ. ಅವನು ಹೇಳಿದ್ದರಲ್ಲಿ ಅರ್ಧ ಮಸಾಲೆ. ಹಾಗಾಗಿ ನಾನೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ನಾನು ಟಿವಿ ಮೆಕ್ಯಾನಿಕ್. ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಂದು, ಪ್ಯಾನೆಲ್ ಹೋದರೆ ಟಿವಿಯನ್ನೇ ಎಸೆಯುವ ಕಾಲ. ರಿಪೇರಿ ನಂಬಿಕೊಂಡು ಹೊಟ್ಟೆ ತುಂಬೋದಿಲ್ಲ. ಬೆಳಗಾವಿಯ ಉದ್ಯಮಬಾಗದ ಕಡೆ ಒಬ್ಬ ಸಾವ್ಕಾರರು ಹಳೆ ಡಬ್ಬಾ ಟಿವಿ ಕೂಡಿಡುತ್ತಾರೆ, ಅವರ ಹತ್ತಿರ ಕೆಲಸಕ್ಕಿದ್ದೇನೆ. ಅವರಿಗೆ ಅದು ಹುಚ್ಚು. ಡಯನೋರಾ, ಸಾಲಿಡೇರ್, ಕ್ರೌನ್, ಇಸಿ ಟಿವಿ, ಒನಿಡಾ, ಬಿಪಿಎಲ್ ಎಲ್ಲ ಇವೆ. ಬಾಗಿಲು ಸರಿಸಿ ಕೀಲಿ ಹಾಕುವ ಕಟ್ಟಿಗೆ ಪೆಟ್ಟಿಗೆಯ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟುಗಳೇ ಒಂದು ಗೋಡೆ ಪೂರ್ತಿ. ಹುಚ್ಚಿನ ಖರ್ಚು ಹೊರಡಲಿ ಅಂತ ಸಿನಿಮಾ, ಸೀರಿಯಲ್, ವೆಬ್ ಸೀರೀಸ್‌ನವರಿಗೆ ಬಾಡಿಗೆಗೆ ಕೊಡುತ್ತಾರೆ.

ಸಾವ್ಕಾರರಿಗೆ ಇಸವಿ ಬಾಯಿಪಾಠ. ಭಾರತದಲ್ಲಿ ಬಣ್ಣದ ಟಿವಿ ಬಂದಿದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ಅದಕ್ಕಿಂತ ಹಿಂದಿನ ಕಥೆಗೆ ಯಾರಾದರೂ ಕಲರ್ ಸೆಟ್ ಕೇಳಿದರೆ ಫೋನಿನಲ್ಲೇ ಜಗಳ. ಇದು ನನಗೂ ಇಷ್ಟ. ಜಗಳ ಆಡಬೇಕಾದ್ದೇ. ರಿಮೋಟ್ ಇರುವ ತೊಂಬತ್ತರ ದಶಕದ ಸೆಟ್ಟಿಗೆ ಜರತಾರಿ ಬಟ್ಟೆ ಹೊದಿಸಿ ಎಪ್ಪತ್ತರ ದಶಕ ಅಂದರೆ ಯಾರು ನಂಬುತ್ತಾರೆ?

ಆದರೆ ಕೊಳ್ಳುವಾಗ ಅವರು ನೋಡೋದು ಪೆಟ್ಟಿಗೆಯ ಪಾಲಿಶ್. ನಾನು ನೋಡೋದು ಪಿಕ್ಚರ್ ಟ್ಯೂಬಿನ ಕುತ್ತಿಗೆ. ಮೋಡಕಾ, ಅಂದರೆ ಗುಜರಿ ಅಂಗಡಿಯವರು ತಾಮ್ರದ ಆಸೆಗೆ ಮೊದಲು ಆ ಕುತ್ತಿಗೆಗೆ ಸುತ್ತಿದ ತಂತಿಸುರುಳಿ ಯೋಕ್ ಕಿತ್ತುಕೊಳ್ಳುತ್ತಾರೆ. ಆ ಎಳೆದಾಟದಲ್ಲಿ ಕುತ್ತಿಗೆ ಚಟ್ ಅಂದರೆ ಮುಗಿಯಿತು, ಒಳಗೆ ಗಾಳಿ ಹೊಕ್ಕ ಟ್ಯೂಬಿಗೆ ಮದ್ದಿಲ್ಲ. ಒಡೆದದ್ದು ಕೆಲವೊಮ್ಮೆ ಕಣ್ಣಿಗೆ ಕಾಣೋದಿಲ್ಲ, ಕೂದಲೆಳೆಯಷ್ಟು ಬಿರುಕು. ಅದಕ್ಕೆ ಗೆಟರ್ ನೋಡಬೇಕು. ಗಾಜಿನ ಒಳಮೈಗೆ ಕನ್ನಡಿ ಬಳಿದ ಹಾಗೆ ಬೆಳ್ಳಿ ಬಣ್ಣದ ಮಚ್ಚೆ ಇರುತ್ತದಲ್ಲ, ಅದು ಬೆಳ್ಳಗೆ ಮಂಕಾಗಿದ್ದರೆ ಟ್ಯೂಬ್ ಸತ್ತಿದೆ. ನಿಪ್ಪಾಣಿಯಿಂದ ತಂದ ಒಂದು ಚಂದದ ತೇಗದ ಪೆಟ್ಟಿಗೆ ಹೀಗೇ ಸತ್ತ ಟ್ಯೂಬ್ ಇಟ್ಟುಕೊಂಡು ಮೂಲೆಯಲ್ಲಿ ಕೂತಿದೆ. "ಇರಲಿ ಬಿಡೋ, ಶೋಕ್ಕ ಆಗತೈತಿ" ಅಂತಾರೆ ಸಾವ್ಕಾರರು.

ಈಗ ವಿಷಯಕ್ಕೆ ಬರುತ್ತೇನೆ. ಮಳೆಗಾಲ. ಬೆಂಗಳೂರಿನ ಒಂದು ತಂಡ ಟಿಳಕವಾಡಿಯಲ್ಲಿ ಹಳೆ ಅಂಗಡಿಯೊಂದನ್ನು ಸೈಬರ್ ಕೆಫೆ ಮಾಡಿತ್ತು. ಕಥೆ 2001ರದ್ದು. ಆರ್ಡರ್ ತಗೊಂಡಿದ್ದು ಸಾವ್ಕಾರರು, ಎಂದಿನಂತೆ ಫೋನಿನಲ್ಲಿ. ಚೀಟಿಯಲ್ಲಿ ಇದ್ದಿದ್ದು ಇಷ್ಟೇ: ಮಾನಿಟರ್ 5, ಪಿಸಿ ಸಮೇತ, ಗೋಡೆಗೆ 21 ಇಂಚಿನ ಕಲರ್ ಟಿವಿ 1. ಎಲ್ಲ ಚಾಲೂ ಇರಬೇಕು.

ಎಲ್ಲ ಚಾಲೂ ಇತ್ತು. ನಾನು ಕೆಲಸಗಳ್ಳನಲ್ಲ. ಬೆಳಗಾವಿಯ ಮಳೆಯಲ್ಲಿ ಟಿವಿ ಸುಮ್ಮನೆ ಇಟ್ಟರೂ ಥಂಡಿ ಹಿಡಿಯುತ್ತದೆ. ಟ್ಯೂಬಿಗೆ ಹೈ ವೋಲ್ಟೇಜ್ ಒಯ್ಯುವ ಆನೋಡ್ ಕ್ಯಾಪಿನ ಸುತ್ತ ಧೂಳಿಗೆ ಪಸೆ ಸೇರಿದರೆ ಇಪ್ಪತ್ತೈದು ಸಾವಿರ ವೋಲ್ಟ್ ಸುಮ್ಮನಿರುತ್ತದಾ? ಚಟಚಟ ಅಂತ ಹಾರುತ್ತದೆ. ಅದಕ್ಕೇ ಕ್ಯಾಪ್ ತೆಗೆದು, ಸ್ಪಿರಿಟ್ ಹಾಕಿ ಒರೆಸಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿದ್ದೆ. ಪ್ಯಾಟರ್ನ್ ಹಾಕಿ ಪ್ಯೂರಿಟಿ, ಅಂದರೆ ಪರದೆಯ ತುಂಬ ಬಣ್ಣ ಕಲೆಯಿಲ್ಲದೆ ಬರುತ್ತದಾ ಅಂತ ನೋಡಿದ್ದೆ. ಮಧ್ಯಾಹ್ನ ಪೂರ್ತಿ ಓಡಿಸಿ ಇಟ್ಟಿದ್ದೆ. ಡಿವಿಡಿ ಪ್ಲೇಯರ್ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿದೆಯಾ ಅಂತಲೂ ನೋಡಿದ್ದೆ. ಟಿವಿಯ ಬಣ್ಣ ನೋಡಿ ನಮ್ಮ ಹೆಲ್ಪರ್ ಹುಡುಗ "ಮಾಮಾ, ಹೊಸಾದ ಇದ್ದಂಗ ಐತಿ" ಅಂದಿದ್ದ.

ಮಾರನೇ ದಿನ ಸೆಟ್ಟಿನಲ್ಲಿ ಟಿವಿ ಗೋಡೆಗೇರಿತು. ಕ್ಯಾಮೆರಾ ಇಟ್ಟರು. ಕ್ಯಾಮೆರಾ ಹಿಡಿದ ಚಿತ್ರ ತೋರಿಸುವ ಅವರ ಮಾನಿಟರಿನ ಸುತ್ತ ಎಲ್ಲರೂ ತಲೆ ತೂರಿಸಿಕೊಂಡು ನಿಂತಿದ್ದರು. ಅಷ್ಟರಲ್ಲಿ ಕ್ಯಾಮೆರಾಮನ್ ದನಿ: "ಏನ್ ಸರ್ ಇದು, ಟಿವೀಲಿ ಬಾರ್ ಓಡ್ತಿದೆ!"

ಹೋಗಿ ನೋಡಿದೆ. ನಿಜ. ಚಿತ್ರದ ಅರ್ಧಭಾಗ ಕಪ್ಪು, ಆ ಕಪ್ಪು ಪಟ್ಟಿ ಸೆಕೆಂಡಿಗೆ ಎರಡು ಸುತ್ತಿನ ಹಾಗೆ ಉರುಳುತ್ತಿದೆ. ನನ್ನ ತಲೆಗೆ ಬಂದಿದ್ದು ಒಂದೇ ಮಾತು: ಹಮ್ ಬಾರ್, ಕರೆಂಟಿನ ಅಲೆ ಚಿತ್ರಕ್ಕೆ ನುಗ್ಗಿ ಮೂಡುವ ಪಟ್ಟಿ. ಹೊರಗೆ ಜನರೇಟರ್ ಗುರುಗುಡುತ್ತಿದೆ. ಜನರೇಟರ್ 50ರ ಬದಲು 52 ಹರ್ಟ್ಸ್ ಓಡುತ್ತಿದ್ದು, ಆ ಅಲೆಯನ್ನು ಸಮ ಮಾಡುವ ಮೇನ್ ಫಿಲ್ಟರ್ ಕಂಡೆನ್ಸರ್ ಸೋತಿದ್ದರೆ ಪಟ್ಟಿ ಹೀಗೇ ಉರುಳಬೇಕು. ಲೆಕ್ಕ ಎಷ್ಟು ಸರಿಯಾಗಿ ಕೂತಿತು ಅಂದರೆ ಬೇರೆ ಯೋಚನೆಯೇ ಬರಲಿಲ್ಲ. "ಹತ್ತು ನಿಮಿಷ ಕೊಡ್ರಿ, ಫಿಲ್ಟರ್ ಕಂಡೆನ್ಸರ್ ಐತ್ರಿ" ಅಂತ ಎಲ್ಲರ ಮುಂದೆ ಜೋರಾಗಿಯೇ ಹೇಳಿದೆ. ಆ ಜೋರು ದನಿಯೇ ಈಗ ಕಿವಿಯಲ್ಲಿ ಕುಟುಕೋದು.

ಟಿವಿ ಇಳಿಸಿದೆವು. 21 ಇಂಚಿನ ಸೆಟ್ಟನ್ನು ಸ್ಟೂಲ್ ಮೇಲೆ ನಿಂತು ಇಳಿಸುವ ಕಷ್ಟ ಇಳಿಸಿದವರಿಗೇ ಗೊತ್ತು, ಭಾರವೆಲ್ಲ ಮುಂದಿನ ಗಾಜಿನಲ್ಲಿ. ಹಿಂದಿನ ಕವರ್ ಬಿಚ್ಚಿದೆ. ಸ್ಕ್ರೂಡ್ರೈವರಿಗೆ ವೈರ್ ಸುತ್ತಿ, ಅದರ ತುದಿಯನ್ನು ಟ್ಯೂಬಿನ ಬೆನ್ನ ಮೇಲಿನ ಹೆಣೆದ ಅರ್ಥ್ ಪಟ್ಟಿಗೆ ಕ್ಲಿಪ್ ಮಾಡಿ, ಮೊನೆಯನ್ನು ಆನೋಡ್ ಕ್ಯಾಪಿನ ರಬ್ಬರ್ ಕೆಳಗೆ ತೂರಿಸಿದೆ. ಟ್ಯೂಬಿನಲ್ಲಿ ಉಳಿದಿದ್ದ ಚಾರ್ಜ್ ಟಪ್ ಅಂತ ಇಳಿಯಿತು. ಮೇಕಪ್ ಹುಡುಗಿ ಕಿರುಚಿದಳು. ಆಮೇಲೆ ಫಿಲ್ಟರಿನ ಚಾರ್ಜ್ ಬಲ್ಬಿಗೆ ಇಳಿಸಿದೆ. ಸೋಲ್ಡರಿಂಗ್ ಐರನ್ ಹಾಕಲು ಪ್ಲಗ್ ಖಾಲಿ ಇರಲಿಲ್ಲ. ಕೂದಲು ಒಣಗಿಸುವವರ ಹತ್ತಿರ ಬೇಡಿಕೊಂಡೆ. ಪ್ರೊಡಕ್ಷನ್ ಮ್ಯಾನೇಜರ್ ತಲೆಯ ಮೇಲೆ ನಿಂತು "ಇನ್ನೆಷ್ಟು ಸರ್? ಇನ್ನೆಷ್ಟು?" ಅಂತಲೇ ಇದ್ದ. ಹೊರಗೆ ಮೋಡ ಕವಿಯುತ್ತಿತ್ತು. ಹುಡುಗ ಟಾರ್ಚ್ ಹಿಡಿದಿದ್ದ, ಅವನ ಕೈ ನಡುಗುತ್ತಿತ್ತು. ನನ್ನದೂ.

ಹೊಸ 100 ಮೈಕ್ರೋ, 400 ವೋಲ್ಟ್ ಕಂಡೆನ್ಸರ್ ಹಾಕಿ, ಪರೀಕ್ಷೆಗೆ ಒಂದು ಬಲ್ಬಿನ ಮೂಲಕ ಸೀರೀಸಿನಲ್ಲಿ ಕರೆಂಟ್ ಕೊಟ್ಟೆ. ಬಲ್ಬ್ ಒಮ್ಮೆ ಝಗ್ ಅಂದು ಮಂದವಾಯಿತು. ಆರೋಗ್ಯವಾಗಿರುವ ಸೆಟ್ಟಿನ ಲಕ್ಷಣ. ತೆಗೆದ ಹಳೆ ಕಂಡೆನ್ಸರಿನ ತಲೆಯೂ ಉಬ್ಬಿರಲಿಲ್ಲ. ಇನ್ನೂ ಒಂದಿದೆ. ಹಮ್ ಇದ್ದರೆ ಚಿತ್ರದ ಅಂಚು ಬಳುಕಬೇಕು. ಇಲ್ಲಿ ಅಂಚು ನೇರವಾಗಿ ನಿಂತಿತ್ತು. ಎಲ್ಲ ಕಂಡಿತ್ತು, ಆದರೆ ಯಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಕವರ್ ಹಾಕಿ, ಮತ್ತೆ ಗೋಡೆಗೇರಿಸಿ, ಬೆವರು ಒರೆಸಿಕೊಂಡೆ. ಅವರ ಮಾನಿಟರಿನಲ್ಲಿ ಅದೇ ಕಪ್ಪು ಪಟ್ಟಿ, ಅದೇ ಓಟ.

ಆಗ ಕ್ಯಾಮೆರಾ ಅಸಿಸ್ಟೆಂಟ್ ಹುಡುಗಿ ಮೆತ್ತಗೆ ಕೇಳಿದಳು. "ಅಂಕಲ್, ನಿಮ್ಮ ಕಣ್ಣಿಗೆ ಬಾರ್ ಕಾಣಿಸ್ತಿದೆಯಾ?"

ತಿರುಗಿ ಟಿವಿಯನ್ನೇ ನೋಡಿದೆ. ಬಾರ್ ಇಲ್ಲ. ಬೆಳಿಗ್ಗೆಯಿಂದಲೂ ಇರಲಿಲ್ಲ. ಅಷ್ಟು ಹೊತ್ತು ನಾನು ನೋಡಿದ್ದು ಅವರ ಮಾನಿಟರನ್ನು. ನನ್ನ ಟಿವಿಯನ್ನು ನಾನು ನೋಡಿರಲೇ ಇಲ್ಲ. ನಾಲ್ಕು ದಾರಿ ಕೂಡುವಲ್ಲಿ ನಿಂತು "ಟಿವಿ ಸರಿ ಐತ್ರಿ" ಅಂತ ಕೂಗಬೇಕು ಅನ್ನಿಸಿತು. ಆದರೆ ಕಂಡೆನ್ಸರ್ ಐತ್ರಿ ಅಂದವನ ಮಾತು ಯಾರು ಕೇಳುತ್ತಾರೆ?

ವಿಷಯ ಇಷ್ಟು. ಪಾಲ್ ಟಿವಿ ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಚಿತ್ರ ಎಳೆಯುತ್ತದೆ, ಅಂಥ ಒಂದು ಸುತ್ತಿಗೆ ಫೀಲ್ಡ್ ಅಂತಾರೆ. ಒಂದು ಕ್ಷಣಕ್ಕೆ ಹೊಳೆಯೋದು ಒಂದು ಸಣ್ಣ ಪಟ್ಟಿ ಮಾತ್ರ, ಉಳಿದದ್ದನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಕ್ಯಾಮೆರಾ ತುಂಬಿಕೊಳ್ಳೋದಿಲ್ಲ. ಅವರ ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮಿನಲ್ಲಿತ್ತು. ಶಟರ್ ಬೆಳಿಗ್ಗೆ ಹೊರಗಿನ ಶಾಟಿಗೆ ಇಟ್ಟ 1/100 ಸೆಕೆಂಡಿಗೇ ಹಾಗೇ ಉಳಿದಿತ್ತು. ಒಂದು ಫೀಲ್ಡ್ ಮುಗಿಯಲು 1/50 ಸೆಕೆಂಡ್ ಬೇಕು. ಶಟರ್ ಅದರ ಅರ್ಧಕ್ಕೇ ಮುಚ್ಚಿಕೊಂಡರೆ ಅರ್ಧ ಚಿತ್ರ ಕಪ್ಪು. 24ರ ಎರಡರಷ್ಟು 48, ಟಿವಿ 50, ಎರಡರ ವ್ಯತ್ಯಾಸ 2. ಅದೇ ಸೆಕೆಂಡಿಗೆ ಎರಡು ಸುತ್ತು. ಜನರೇಟರಿಗೂ ಇದಕ್ಕೂ ಸಂಬಂಧವೇ ಇಲ್ಲ. ಟಿವಿ ಸಿಂಕ್, ಅಂದರೆ ಗೆರೆ ಎಳೆಯುವ ತಾಳ, ತಗೊಳ್ಳೋದು ಸಿಗ್ನಲ್‌ನಿಂದ, ಕರೆಂಟಿನಿಂದ ಅಲ್ಲ ಅನ್ನೋದು ನಾನು ಹುಡುಗರಿಗೆ ಕಲಿಸುವ ಪಾಠ!

ಹುಡುಗಿ ಕ್ಯಾಮೆರಾವನ್ನು 25 ಫ್ರೇಮ್, 1/50ಕ್ಕೆ ತಂದಳು. ಟಿವಿ ಪಟ್ಟಿ ಮಾಯ. ಸೌಂಡಿನವನು ಮುಖ ಗಂಟಿಕ್ಕಿದ, ಉಳಿದ ಸಿನಿಮಾ 24ರಲ್ಲಿದೆ ಅಂತ. ಅದು ಅವರವರ ಜಗಳ. ನನಗೆ ಉಸಿರು ಬಂತು. ಒಂದು ನಿಮಿಷ ಮಾತ್ರ. ಕೆಳಗಿನ ಐದು ಕಂಪ್ಯೂಟರ್ ಮಾನಿಟರ್‌ಗಳು ಇನ್ನೂ ಪಟಪಟ ಅನ್ನುತ್ತಿದ್ದವು. ಅವುಗಳ ರಿಫ್ರೆಶ್ ರೇಟ್ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಎಳೆಯುತ್ತವೆ. 25ಕ್ಕೂ 60ಕ್ಕೂ ಸಂಬಂಧ ಕೂಡೋದಿಲ್ಲ.

ಇಲ್ಲಿ ಮಾತ್ರ ನನ್ನ ಹಳೆ ಅನುಭವ ಕೈ ಹಿಡಿಯಿತು. ವಿಂಡೋಸ್ 98ರಲ್ಲಿ ರಿಫ್ರೆಶ್ ರೇಟ್ 75 ಮಾಡಿದರೆ 25ರ ಮೂರರಷ್ಟು. ಶಟರ್ 1/25 ಇಟ್ಟರೆ ಟಿವಿ ಸರಿಯಾಗಿ ಎರಡು ಸುತ್ತು, ಮಾನಿಟರ್ ಮೂರು ಸುತ್ತು. ಎರಡೂ ಒಂದೇ ಫ್ರೇಮಿನಲ್ಲಿ ನಿಲ್ಲುತ್ತವೆ. ಕ್ಯಾಮೆರಾಮನ್ ಗೊಣಗಿದ. ಶಟರ್ ಅಷ್ಟು ತೆರೆದರೆ ಬೆಳಕು ಜಾಸ್ತಿ, ಓಡುವ ಹುಡುಗನ ಕೈಕಾಲು ಬಣ್ಣ ಒರೆಸಿದಂತೆ ಬರುತ್ತದೆ ಅಂತ. ಕೊನೆಗೆ ಹುಡುಗ ಓಡುವ ಬದಲು ನಡೆದುಕೊಂಡು ಬಂದ.

ನಾಲ್ಕು ಮಾನಿಟರ್‌ಗಳು 1024ಕ್ಕೆ 768 ಚುಕ್ಕಿಯ ಅಳತೆಯಲ್ಲಿ ಇದ್ದವು. ಅದರಲ್ಲಿ 75 ಕೊಟ್ಟರೆ 60 ಕಿಲೋಹರ್ಟ್ಸ್ ಲೈನ್ ಬೇಕು, ಅಂದರೆ ಸೆಕೆಂಡಿಗೆ ಅರವತ್ತು ಸಾವಿರ ಗೆರೆ, ನಮ್ಮ 14 ಇಂಚಿನವು 50ರ ಹತ್ತಿರವೇ ಸುಸ್ತು. ಕುಂಯ್ ಅಂತ ಕೂಗಿ ಕಪ್ಪಾಗುತ್ತವೆ. ಅದಕ್ಕೆ 800ಕ್ಕೆ 600 ಇಟ್ಟೆ, ಅಲ್ಲಿ 46.9 ಸಾಕು. 2001ಕ್ಕೆ ಅದೇ ಸರಿಯಾದ ಅಳತೆಯೂ ಹೌದು. ನಾಲ್ಕೂ ನಿಂತವು. ಐದನೆಯ ಪಿಸಿಯಲ್ಲಿ ಗ್ರಾಫಿಕ್ಸ್ ಚಿಪ್ ನಡೆಸುವ ಡ್ರೈವರ್ ಸಾಫ್ಟ್‌ವೇರೇ ಇರಲಿಲ್ಲ, ಬರೀ ಸ್ಟ್ಯಾಂಡರ್ಡ್ ವಿಜಿಎ. ಅಲ್ಲಿ ರಿಫ್ರೆಶ್ ಬದಲಾಯಿಸುವ ಜಾಗವೇ ತೋರಿಸೋದಿಲ್ಲ. ಅದೊಂದು 60ರಲ್ಲಿ ಇದ್ದಿದ್ದಕ್ಕೆ ಪಕ್ಕದ ಮಾನಿಟರಿನ ಚಿತ್ರವೂ ಅಲುಗಾಡತೊಡಗಿತು. ಎರಡು ಯೋಕ್ ಪಕ್ಕಪಕ್ಕ ಬೇರೆ ಬೇರೆ ತಾಳ ಹಾಕಿದರೆ ಹಾಗೇ. ಅದನ್ನು ಬಂದ್ ಮಾಡಿ, ಮೇಲೆ "ಕೆಟ್ಟಿದೆ" ಅಂತ ಚೀಟಿ ಅಂಟಿಸಿದೆವು. ಆರ್ಟ್ ಡೈರೆಕ್ಟರ್ ಖುಷಿಪಟ್ಟ, ಸೈಬರ್ ಕೆಫೆ ಅಂದರೆ ಒಂದಾದರೂ ಕೆಟ್ಟಿರಬೇಕು ಅಂತ.

ಶಾಟ್ ಆಯಿತು. ಅರ್ಧ ದಿನದ ಬಾಡಿಗೆ ಕಟ್ ಆಯಿತು. ಸಾವ್ಕಾರರು ಬೈದದ್ದು ನನಗೆ. ಶಟರ್ ಮರೆತವರಿಗೆ ಯಾರು ಬೈದರೋ ನನಗೆ ಗೊತ್ತಿಲ್ಲ. ಒಂದು ಮಾತು ಹೇಳುತ್ತೇನೆ, ಕ್ಯಾಮೆರಾಗೆ ಲಕ್ಷಗಟ್ಟಲೆ ಸುರಿದವರು ಹಿಂದಿನ ದಿನ ಒಂದು ಫೋನ್ ಮಾಡಿ "ನಾವು 24ರಲ್ಲಿ ಶೂಟ್ ಮಾಡ್ತೀವಿ" ಅನ್ನಬಹುದಿತ್ತು. ನಾವೂ ಕೇಳಬಹುದಿತ್ತು.

ಈಗ ಕೇಳುತ್ತೇವೆ. ಆರ್ಡರ್ ಚೀಟಿಗೆ ನಾನು ಮೂರು ಸಾಲು ಸೇರಿಸಿದ್ದೇನೆ: ಎಷ್ಟು ಫ್ರೇಮ್, ಶಟರ್ ಎಷ್ಟು, ಟಿವಿ ಮತ್ತು ಮಾನಿಟರ್ ಒಂದೇ ಶಾಟಿನಲ್ಲಿ ಬರುತ್ತವಾ. ಸಾವ್ಕಾರರು ಫೋನಿನಲ್ಲಿ ಇದನ್ನು ಕೇಳಲು ನಾಚುತ್ತಾರೆ, "ಗಿರಾಕಿ ಓಡಿ ಹೋಗತಾನಲೇ" ಅಂತಾರೆ. ಅದಕ್ಕೆ ನಾನೇ ವಾಪಸ್ ಫೋನ್ ಮಾಡುತ್ತೇನೆ. ಅರ್ಧ ಜನಕ್ಕೆ ತಮ್ಮ ಶಟರ್ ಎಷ್ಟು ಅಂತ ಗೊತ್ತಿರೋದಿಲ್ಲ, ಕೇಳಿ ಹೇಳ್ತೀವಿ ಅಂತಾರೆ. ಕೇಳಿ ಹೇಳಲಿ. ಗೋಡೌನಿನಲ್ಲೂ ಈಗ ಪ್ರತಿ ಸೆಟ್ಟನ್ನು ಮೊಬೈಲ್ ಕ್ಯಾಮೆರಾದ ಮ್ಯಾನ್ಯುಯಲ್ ಮೋಡಿನಲ್ಲಿ 1/50 ಇಟ್ಟು ನೋಡಿಯೇ ಟೆಂಪೋ ಹತ್ತಿಸುತ್ತೇನೆ. ಒಂದು ಸೋನಿ ಟ್ರಿನಿಟ್ರಾನ್ ಹೋಗುವಾಗ ಮಾತ್ರ ಮೇಲೆ ಚೀಟಿ ಅಂಟಿಸುತ್ತೇನೆ: ಪರದೆಯ ಅಡ್ಡಕ್ಕೆ ಕಾಣುವ ಎರಡು ಸಣ್ಣ ಗೆರೆ ಒಳಗಿನ ಜಾಲರಿ ಅಲುಗದಂತೆ ಹಿಡಿಯುವ ಡ್ಯಾಂಪರ್ ತಂತಿಯ ನೆರಳು, ಕೆಟ್ಟಿಲ್ಲ, ದಯವಿಟ್ಟು ಫೋನ್ ಮಾಡಬೇಡಿ. ಆದರೂ ಮಾಡುತ್ತಾರೆ.

ಡ್ರೈವರ್ ಇಲ್ಲದ ಆ ಐದನೆಯ ಪಿಸಿ ಇನ್ನೂ ಹಾಗೇ ಇದೆ. ಹೊಸದು ತಗೊಳ್ಳೋಣ ಅಂದರೆ ಸಾವ್ಕಾರರು ಬೈಲಹೊಂಗಲದಿಂದ ಇನ್ನೊಂದು ಕಟ್ಟಿಗೆ ಪೆಟ್ಟಿಗೆ ತಂದರು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಕಾಲೇಜ್ ಲ್ಯಾಬಿನ ಸೀನ್ ಇದೆ, ಎಂಟು ಮಾನಿಟರ್ ಬೇಕಂತೆ. ಮದರ್‌ಬೋರ್ಡಿನಲ್ಲೇ ಕೂತಿರುವ ಹಳೆ ಎಸ್‌ಐಎಸ್ ಕಂಪನಿಯ ಗ್ರಾಫಿಕ್ಸ್ ಚಿಪ್ಪಿಗೆ ವಿಂಡೋಸ್ 98ರ ಡ್ರೈವರ್ ಸಿಡಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಜೊತೆಗೆ ಡಬ್ಬಾ ಟಿವಿಯೂ ಇದ್ದರೆ ಮೋಡಕಾದವರಿಗೆ ಕೊಡುವ ಮೊದಲು ಒಂದು ಮಾತು ಹೇಳಿ. ಯೋಕ್ ಮಾತ್ರ ಯಾರಿಗೂ ಮುಟ್ಟಲು ಬಿಡಬೇಡಿ.