ಮೊದಲನೇ ಲಿವರ್ ರೈಫಲ್ ಯಾವುದು ತಗೊಳ್ಳಲಿ?

ಅರಿಝೋನಾದಲ್ಲಿ ನಮ್ಮವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು ಈ ಪ್ರಶ್ನೆ ಕೇಳುತ್ತಾರೆ. ಲಿವರ್ ರೈಫಲ್ ಅಂದರೆ ಕುದುರೆಯ (ಟ್ರಿಗರ್) ಸುತ್ತಲಿನ ಹಿಡಿಯನ್ನು ಕೆಳಗೆಳೆದು ಮೇಲೆ ತಂದರೆ ಮುಂದಿನ ತೋಟೆ ಏರುವ ಕೋವಿ. ನಾನು ಕೊಡಗಿನವನು, ಭಾನುವಾರ ಸಿಲೂಯೆಟ್ ಅನ್ನುವ ಗುರಿ ಹೊಡೆಯುವ ಆಟ ಆಡಲು ಹೋಗುತ್ತೇನೆ ಅಂತ ಎಲ್ಲರಿಗೂ ಗೊತ್ತು. ನನ್ನ ಉತ್ತರ ಒಂದೇ: ಸಣ್ಣ ತೋಟೆಯ .22 ತಗೊಳ್ಳಿ. ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾಗಿರುವುದು ಕೌಬಾಯ್ ಹಿಡಿಯುವಂಥ, ದೊಡ್ಡ ತೋಟೆಯ .30-30.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೆಕ್ಸಿಕೊದಿಂದ ಬಂದದ್ದು. ಉಕ್ಕಿನ ಹಲಗೆಯಲ್ಲಿ ಕತ್ತರಿಸಿದ ಕೋಳಿ, ಹಂದಿ, ಟರ್ಕಿ, ಟಗರು ಐದೈದರ ಸಾಲಿನಲ್ಲಿ ನಿಂತಿರುತ್ತವೆ. ಎಡದಿಂದ ಬಲಕ್ಕೆ, ಒಂದಕ್ಕೆ ಒಂದೇ ಈಡು. ತಾಗಿದರೆ ಸಾಲದು, ಬೀಳಬೇಕು. ಲಿವರ್ ರೈಫಲ್ ವಿಭಾಗದಲ್ಲಿ ದುರ್ಬೀನು ಇಲ್ಲ, ಊರುಗೋಲಿಲ್ಲ, ಎಲ್ಲವನ್ನೂ ನಿಂತೇ ಹೊಡೆಯಬೇಕು. ದೊಡ್ಡ ತೋಟೆಯವರಿಗೆ ಕೋಳಿ 50 ಮೀಟರ್‌ನಲ್ಲಿ, ಹಂದಿ 100, ಟರ್ಕಿ 150, ಟಗರು 200. .22ರವರಿಗೆ ಆಕೃತಿಗಳು ಚಿಕ್ಕವು, ದೂರ ಹೆಚ್ಚೆಂದರೆ 100 ಮೀಟರ್.

ನಾನು ಮೊದಲು ಕೊಂಡಿದ್ದು .30-30. ನಮ್ಮ ಕೊಡಗಿನ ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಜೋಡು ನಳಿಗೆಯಲ್ಲಿ ಹೊಡೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಹಬ್ಬದಲ್ಲಿ ಹೊಡೆಯುವುದು ಒಂದೋ ಎರಡೋ ಈಡು, ಇಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ನಲವತ್ತು. ಮೂರನೇ ವಾರಕ್ಕೆ ಕೋಳಿಯೂ ಬೀಳಲಿಲ್ಲ. ಜೊತೆಗಿದ್ದ ಹಿರಿಯರೊಬ್ಬರು ನನಗೆ ಗೊತ್ತಾಗದ ಹಾಗೆ ಮದ್ದಿಲ್ಲದ ನಕಲಿ ತೋಟೆಯೊಂದನ್ನು ನಡುವೆ ಸೇರಿಸಿ ಕೊಟ್ಟರು. ಕುದುರೆ ಎಳೆದೆ, ಟಕ್ ಅಂದಿತು ಅಷ್ಟೇ, ಆದರೆ ನಳಿಗೆಯ ತುದಿ ಒಂದು ಗೇಣು ಕೆಳಗೆ ಹೋಗಿತ್ತು! ಹೆಗಲಿಗೆ ಬೀಳುವ ಒದೆತಕ್ಕೆ ಮೈ ಮೊದಲೇ ಬೆಚ್ಚುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಒಂದು ಚಳಿಗಾಲ ಪೂರ್ತಿ .22 ಹೊಡೆದೆ.

ಖರ್ಚಿನ ಲೆಕ್ಕವೂ ಅಷ್ಟೇ. ಒಂದು .30-30 ತೋಟೆಯ ದುಡ್ಡಿಗೆ .22ರ ಹತ್ತಾದರೂ ಬರುತ್ತವೆ. ನಿಂತು ಹೊಡೆಯುವುದನ್ನು ಕಲಿಸುವುದು ಆ ಹತ್ತು.

ಸರಿ, .22ರಲ್ಲಿ ಯಾವುದು? ಹೊಸದೇ ಬೇಕು, ಜೇಬೂ ನೋಡಿಕೊಳ್ಳಬೇಕು ಅಂದರೆ ಹೆನ್ರಿ ಕಂಪನಿಯದು. ಲಿವರ್ ಬೆಣ್ಣೆಯ ಹಾಗೆ ಓಡುತ್ತದೆ. ಬ್ರೌನಿಂಗ್ ಬಿಎಲ್-22 ಹಗುರ, ಅದರ ಲಿವರ್ 33 ಡಿಗ್ರಿಯಷ್ಟೇ ತಿರುಗುತ್ತದೆ, ಕುದುರೆಯೂ ಲಿವರ್ ಜೊತೆಗೇ ಇಳಿಯುವುದರಿಂದ ಬೆರಳು ಸಿಕ್ಕಿಕೊಳ್ಳುವುದಿಲ್ಲ. ಮಕ್ಕಳಿಗೆ, ಸಣ್ಣ ಕೈಯವರಿಗೆ ಒಳ್ಳೆಯದು. ನನಗೆ ಮಾತ್ರ ಅದು ತೀರಾ ಹಗುರ, ಗಾಳಿ ಬಂದರೆ ನಳಿಗೆ ಅಲೆದಾಡುತ್ತದೆ. ನಿಂತು ಹೊಡೆಯುವಾಗ ಮುಂದೆ ಸ್ವಲ್ಪ ಭಾರ ಇದ್ದರೇ ಚೆನ್ನ.

ನನ್ನ ಮನಸ್ಸಿರುವುದು ಹಳೆಯ ಮಾರ್ಲಿನ್ 39ಎ ಮೇಲೆ. ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು, ಸಿಕ್ಕಾಗ ಬೆಲೆ ಕೇಳಿ ಒಂದು ಸಲ ಕೂತುಕೊಳ್ಳಬೇಕಾಗುತ್ತದೆ. ಆದರೆ ಪಕ್ಕದ ಒಂದೇ ಸ್ಕ್ರೂ ನಾಣ್ಯದಿಂದ ಬಿಚ್ಚಿದರೆ ಕೋವಿ ಎರಡು ಭಾಗ ಆಗುತ್ತದೆ, ನಳಿಗೆಯನ್ನು ಹಿಂದಿನಿಂದ ಉಜ್ಜಬಹುದು. ಲಿವರ್ ರೈಫಲ್‌ಗಳಲ್ಲಿ ಹೆಚ್ಚಿನವನ್ನು ಬಾಯಿಯ ಕಡೆಯಿಂದಲೇ ಉಜ್ಜಬೇಕು, ಸಲಾಕಿ ಅಲ್ಲಿ ಸವೆಸಿದರೆ ಗುರಿ ಕೆಟ್ಟಿತು ಅಂತಲೇ ಲೆಕ್ಕ. ತೂಕವೂ ಸರಿಯಾಗಿದೆ.

ಯಾವುದನ್ನೇ ಕೊಳ್ಳಿ, ಅಂಗಡಿಯಲ್ಲಿ ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಆಮೇಲೆ ಕಣ್ಣು ಬಿಡಿ. ನಳಿಗೆಯ ತುದಿಯಲ್ಲಿರುವ ಗುರಿಯ ಮೊನೆ ಎದುರಿಗೇ ಕಾಣಬೇಕು. ಅದಕ್ಕೆ ಕತ್ತು ಬಗ್ಗಿಸಬೇಕಾಯಿತು ಅಂದರೆ ಆ ಕೋವಿ ನಿಮ್ಮದಲ್ಲ, ಹೆಸರು ಎಷ್ಟೇ ದೊಡ್ಡದಿರಲಿ. ಹಿಂದೆ ಪೀಪ್ ಸೈಟ್, ಅಂದರೆ ತೂತಿನಲ್ಲಿ ಇಣುಕಿ ಗುರಿ ಇಡುವ ಬಿಲ್ಲೆ, ಕೂರಿಸಲು ಜಾಗ ಇದೆಯಾ ಅಂತಲೂ ಕೇಳಿ. ಕಂಪನಿ ಕೊಡುವ ಎಲೆಯಂಥ ಸೈಟ್‌ನಲ್ಲಿ, ನಲವತ್ತು ದಾಟಿದ ನನ್ನಂಥವನ ಕಣ್ಣಿಗೆ, ಟಗರೂ ಬಂಡೆಯೂ ಒಂದೇ. ಸಣ್ಣ ತೂತಿನ ಪೀಪ್ ಹಾಕಿಸಿದ ದಿನ ಮೂರು ಟರ್ಕಿ ಜಾಸ್ತಿ ಬಿದ್ದವು.

ಮುಂದೆ .30-30ಗೆ ಹೋದಾಗ ಒಂದು ನೆನಪಿರಲಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೊಂದು ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಬುಡದ ಕೇಪಿಗೆ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ತಾಗಿಕೊಂಡು. ಚೂಪು ಲೋಹದ ಮೂತಿಯ ಗುಂಡು ಹಾಕಿದರೆ ಅಲ್ಲೇ ಸಿಡಿಯಬಹುದು. ಚಪ್ಪಟೆ ಮೂತಿಯದೇ ಬೇಕು, ಇಲ್ಲವೇ ಕೊಳವೆಗೆಂದೇ ಮಾಡಿದ ಮೆತ್ತನೆ ಮೂತಿಯದು.

ಎಚ್-1ಬಿ ವೀಸಾದಲ್ಲಿ ಇರುವ ಹುಡುಗರು ಬೇಜಾರು ಮಾಡಿಕೊಳ್ಳಬೇಡಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ನಿಮಗೆ ಬಂದೂಕು ಕೊಳ್ಳಲು, ಇಟ್ಟುಕೊಳ್ಳಲು ಇಲ್ಲಿನ ಕೇಂದ್ರ ಕಾನೂನು ಬಿಡುವುದಿಲ್ಲ. ವಕೀಲರನ್ನು ಕೇಳದೆ ಸುಮ್ನೆ ಅಂಗಡಿಗೆ ಹೋಗಬೇಡಿ. ಗ್ರೀನ್ ಕಾರ್ಡ್ ಬಂದವರಿಗೆ ಆ ಅಡ್ಡಿ ಇಲ್ಲ.

ನನ್ನ ಆ .30-30 ಇನ್ನೂ ಇದೆ. ವರ್ಷಕ್ಕೆ ಎರಡು ಸಲ ಹೊರಗೆ ತೆಗೆಯುತ್ತೇನೆ, ಈಗ ಟಗರು ಬೀಳುತ್ತದೆ, ಎಲ್ಲ ಸಲ ಅಲ್ಲ.