ಕಾಡಿ ಬೇಡಿ

12 ಜೂನ್ 2024, ಬುಧವಾರ

ಸಂಜೆ ಬಸ್ಸಿನಲ್ಲಿ ನೇತಾಡುತ್ತಿದ್ದಾಗ ಹಳೇ ಮನೆ ಓನರ್ ಮೆಸೇಜ್ ಬಂತು. "ಪ್ಲೀಸ್ ಡೋಂಟ್ ಪೆಸ್ಟರ್ ಮಿ." ಅಷ್ಟೇ. ಎದುರಿಗೆ ಸಿಕ್ಕರೆ "ಏನ್ ಸ್ವಾಮಿ, ಊಟ ಆಯ್ತಾ" ಅನ್ನೋರು. ಬೈಯೋಕೆ ಮಾತ್ರ ಇಂಗ್ಲಿಷ್.

ಮನೆ ಬಿಟ್ಟಿದ್ದು ಮಾರ್ಚ್ ಕೊನೆಗೆ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್, ಬೆಂಗಳೂರಿನ ಹಳೇ ರೂಢಿ ಗೊತ್ತಲ್ಲ. ಪೇಂಟಿಂಗ್‌ಗೆ ಒಂದು ತಿಂಗಳದು ಹಿಡಿದುಕೊಳ್ಳಿ ಅಂತ ನಾನೇ ಹೇಳಿದ್ದೆ. ಉಳಿದದ್ದರಲ್ಲಿ ಅರ್ಧ ಬಂತು. ಇನ್ನರ್ಧಕ್ಕೆ "ಮುಂದಿನ ವಾರ".

ಪೆಸ್ಟರ್. ಬಸ್ಸಿಳಿದರೂ ಆ ಪದ ಬಿಡಲಿಲ್ಲ. ಪೆಸ್ಟ್ ಅಂದರೆ ಕೀಟ, ಕೀಟದ ಹಾಗೆ ಕಾಟ ಕೊಡೋದೇ ಪೆಸ್ಟರ್ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ನಿಘಂಟು ತೆಗೆದರೆ ಬೇರೆಯೇ ಕತೆ. ಮೂಲ ಹಳೇ ಫ್ರೆಂಚ್‌ನದು, ಮೇಯಲು ಬಿಟ್ಟ ಕುದುರೆ ಓಡಿಹೋಗದಂತೆ ಕಾಲಿಗೆ ಹಗ್ಗ ಬಿಗಿಯೋದು. 16ನೇ ಶತಮಾನದ ಇಂಗ್ಲಿಷ್‌ನಲ್ಲೂ ಮೊದಲು ಅಡ್ಡಿ ಮಾಡು, ತೊಡಕು ಹಾಕು ಅನ್ನೋ ಅರ್ಥವೇ. ಪೆಸ್ಟ್ ಸಹವಾಸದಿಂದ ಕಾಟ ಅಂಟಿಕೊಂಡಿದ್ದು ಆಮೇಲೆ. ನಮ್ಮ ತಾತ ಹೊಲಕ್ಕೆ ನುಗ್ಗೋ ಹಸುವಿಗೆ ಕೊರಳಿಂದ ಮುಂಗಾಲಿಗೆ ಹಗ್ಗ ಬಿಗಿಯುತ್ತಿದ್ದರು. ಹಾಗೆ ನೋಡಿದರೆ ಇಲ್ಲಿ ಹಗ್ಗ ಹಿಡಿದಿರೋರು ಓನರೇ ಅಲ್ವಾ?

ಆದರೆ ಪದ ಸರಿಯಾಗಿಯೇ ಬಳಸಿದ್ದಾರೆ, ಅದೇ ಉರಿ. ಒಂದು ಸಲ ಕೇಳಿದರೆ ಪೆಸ್ಟರ್ ಆಗೋದಿಲ್ಲ. ಮತ್ತೆ ಮತ್ತೆ ಕೇಳಬೇಕು. ಎಣಿಸಿದೆ. ಏಪ್ರಿಲ್‌ನಿಂದ ನನ್ನ ಮೆಸೇಜ್ ಹನ್ನೊಂದು. ಎಲ್ಲದರಲ್ಲೂ "ಸರ್", ನಾಲ್ಕರಲ್ಲಿ ಕೈಮುಗಿಯೋ ಚಿತ್ರ. ಮೊದಲನೇದಕ್ಕೇ ಕೊಟ್ಟಿದ್ದರೆ ಹನ್ನೊಂದು ಆಗ್ತಿತ್ತಾ? ಹನ್ನೊಂದು ಸಲ ಕೇಳೋನಿಗೆ ಒಂದು ಪದ ಇದೆ. ಹನ್ನೊಂದು ಸಲ "ಮುಂದಿನ ವಾರ" ಅನ್ನೋನಿಗೆ ಏನಂತಾರೆ?

ಕನ್ನಡದಲ್ಲಿ ಇದಕ್ಕೆ ಏನನ್ನಬಹುದು? ಪೀಡಿಸು ಜಾಸ್ತಿ ಆಯ್ತು. ತಲೆ ತಿನ್ನೋದಕ್ಕೆ ಕಾರಣವೇ ಬೇಡ, ಬಾಯಿದ್ದರೆ ಸಾಕು. ದುಂಬಾಲು ಬೀಳು ಹತ್ತಿರ ಬರುತ್ತೆ. ಕಾಡಿ ಬೇಡಿ ಇನ್ನೂ ಹತ್ತಿರ. ಕಾಡೋದರ ಬೆನ್ನಿಗೇ ಬೇಡೋದನ್ನೂ ಕಟ್ಟಿಬಿಟ್ಟಿದ್ದಾರೆ ನಮ್ಮವರು. ಇವಳನ್ನು ಕೇಳಿದೆ. ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂದಳು. ಪದ ಕೇಳಿದ್ದಕ್ಕೆ ಬೈಗುಳ ಸಿಕ್ಕಿತು.

ಮಳೆ ನಿಂತಿದೆ. ಹೊಸ ಮನೆ ಬಾಲ್ಕನಿಗೆ ಮಣ್ಣಿನ ವಾಸನೆ ಬರುತ್ತೆ. ಹಳೇ ಮನೆಯಲ್ಲಿ ಇದೊಂದು ಇರಲಿಲ್ಲ.

ಮಗ ಬಂದ. "ಅಪ್ಪಾ, ಸೈಕಲ್?" ಅಡ್ವಾನ್ಸ್ ಬಂದ ಮೇಲೆ ಅಂತ ಏಪ್ರಿಲ್‌ನಿಂದ ಹೇಳ್ತಿದ್ದೇನೆ. ಮಕ್ಕಳು ಹೀಗೆ ಹಿಂದೆ ಬಿದ್ದು ಕೊಡಿಸಿಕೊಳ್ಳೋದಕ್ಕೆ ಮಾರ್ಕೆಟಿಂಗ್‌ನವರು ಪೆಸ್ಟರ್ ಪವರ್ ಅಂತ ಹೆಸರಿಟ್ಟಿದ್ದಾರೆ. ಅವರಿಗಾದರೂ ಪವರ್ ಇದೆ. "ಕಾಟ ಕೊಡಬೇಡ ಕಣೋ" ಅಂತ ಬಾಯಿಗೆ ಬಂತು, ನುಂಗಿಕೊಂಡೆ. "ಮುಂದಿನ ವಾರ" ಅಂದೆ.

ಹನ್ನೆರಡನೇ ಮೆಸೇಜ್ ಟೈಪ್ ಮಾಡಿಟ್ಟಿದ್ದೇನೆ. "ಸರ್" ತೆಗೆದು ನೋಡಿದೆ. ಮತ್ತೆ ಹಾಕಿದೆ. ಈ ಸಲವೂ ಕೈಮುಗಿಯೋದು ಬೇಕಾ ಅಂತ...