ಇಳಿದ ತೂಕಕ್ಕೆ ಸಿಕ್ಕ ಹೊಗಳಿಕೆ

ಫೆಬ್ರವರಿ 11, 2025, ಮಂಗಳವಾರ

"ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀಯೇ! ಏನು ಮಾಡಿದೆ, ನಮಗೂ ಸ್ವಲ್ಪ ಹೇಳಿಕೊಡು" ಎಂದು ಚಿಕ್ಕಮ್ಮ ಸಂಜೆ ಅತ್ತಿಗೆಯನ್ನು ಕೇಳಿದಾಗ ಅಲ್ಲಿದ್ದವರೆಲ್ಲ ದನಿಗೂಡಿಸಿದರು. ಅತ್ತಿಗೆ "ಏನೂ ಮಾಡಿಲ್ಲ ಚಿಕ್ಕಮ್ಮ" ಎಂದು ನಕ್ಕರು. ಅವರು ಹೇಳಿದ್ದು ನಿಜವೆಂದು ಅಲ್ಲಿ ಯಾರೂ ನಂಬಲಿಲ್ಲ.

ಅವರ ಥೈರಾಯ್ಡ್ ವಿಷಯ ಅಣ್ಣನಿಗೆ ಮತ್ತು ನನಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆ ಗ್ರಂಥಿ ಅಗತ್ಯಕ್ಕಿಂತ ಹೆಚ್ಚು ಹಾರ್ಮೋನನ್ನು ಸ್ರವಿಸತೊಡಗಿದರೆ, ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತಲೇ ಹೋಗುತ್ತದೆ, ಕುಳಿತಲ್ಲೇ ಎದೆ ಡವಗುಟ್ಟುತ್ತದೆ, ಬೆರಳುಗಳು ನಡುಗುತ್ತವೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕರಗುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಕರಗುತ್ತದೆ. ನೆಂಟರು ಹೊರಟ ಮೇಲೆ ಮಹಡಿಗೆ ಹೋಗುವಾಗ ಅತ್ತಿಗೆ ನಡುವೆ ನಿಂತರು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ತೊಡೆಗೆ ಊರಿ, ಮುಂದಿನ ಮೆಟ್ಟಿಲಿಗೆ ಕಾಲನ್ನು ಹೆಚ್ಚುಕಡಿಮೆ ಎತ್ತಿ ಇಡಬೇಕಾಯಿತು. "ಫಿಟ್ ಆಗಿದ್ದೀಯ" ಎಂದು ಒಬ್ಬರಲ್ಲ, ಹಲವರು ಅವರಿಗೆ ಹೇಳಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಮೇಲೆ ಕುಳಿತಾಗ ಅವರೇ ಮಾತು ತೆಗೆದರು. "ನೋಡು, ಕಾಯಿಲೆ ಜೋರಾಗಿದ್ದಾಗಲೇ ಎಲ್ಲರೂ ಹೊಗಳಿದ್ದು. ಈಗ ಮಾತ್ರೆ ಹಿಡಿಯುತ್ತಿದೆ, ತೂಕ ಮತ್ತೆ ಬರುತ್ತದೆ, ಬಂದರೆ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಆವತ್ತು ಇದೇ ಜನ 'ಅಯ್ಯೋ, ಮತ್ತೆ ದಪ್ಪಗಾದೆಯಲ್ಲ' ಅನ್ನುತ್ತಾರೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ದಿನ ಮಾತ್ರೆ ಕೈಯಲ್ಲಿ ಹಿಡಿದುಕೊಂಡು, ಇವತ್ತು ಬಿಟ್ಟರೆ ಏನಾಗುತ್ತದೆ ಅಂತ ಯೋಚಿಸಿದ್ದೆ. ನುಂಗಿದೆ. ಆದರೆ ಯೋಚಿಸಿದ್ದು ನಿಜ" ಎಂದರು.

ಈ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಈ ಕಾಯಿಲೆಯನ್ನು ಹಾಗೇ ಬಿಟ್ಟರೆ ಹೃದಯದ ಬಡಿತದ ಲಯ ತಪ್ಪಬಹುದು, ಮೂಳೆ ಸವೆಯಬಹುದು. ಇದೆಲ್ಲ ತಿಳಿದ, ತಿಳಿವಳಿಕೆಯುಳ್ಳ ಹೆಂಗಸೊಬ್ಬರಿಗೆ ಔಷಧಿಯ ಎದುರು ಕ್ಷಣಕಾಲವಾದರೂ ಹಿಂಜರಿಕೆ ಹುಟ್ಟಿಸುವಷ್ಟು ಬಲ ಇಂಥ ಮೆಚ್ಚುಗೆಗಳಿಗಿದೆ. ಚಿಕ್ಕಮ್ಮನ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಇನ್ನೇನೂ ಇರಲಿಲ್ಲ, ಅದನ್ನು ನಾನು ಬಲ್ಲೆ. ಆದರೆ ಆಡಿದವರ ಪ್ರೀತಿ ಆಡಿದವರಲ್ಲೇ ಉಳಿದು, ಅತ್ತಿಗೆಯ ಕಿವಿಗೆ ಬಿದ್ದದ್ದು "ಹಿಂದೆ ನೀನು ಚೆನ್ನಾಗಿರಲಿಲ್ಲ" ಎಂಬ ತೀರ್ಪು.

ಅಂಕಿಗಳೂ ಹೀಗೆಯೇ ಮಾತನಾಡುತ್ತವೆ. ಅತ್ತಿಗೆಯ ಫೋನಿನ ಆ್ಯಪ್‌ನಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಈಗ 18.5ರಿಂದ 24.9ರ ನಡುವಿನ ಹಸಿರು ಪಟ್ಟಿಗೆ ಬಂದಿದೆಯಂತೆ, ಅದಕ್ಕೆ ಅಭಿನಂದನೆಯೂ ಬಂದಿದೆಯಂತೆ. ಈ ಲೆಕ್ಕದ ಮೂಲ 19ನೆಯ ಶತಮಾನದ ಬೆಲ್ಜಿಯಂನ ಗಣಿತಜ್ಞ ಕ್ವೆಟಲೆಯದು. ಅವನು ಹುಡುಕಿದ್ದು ಜನಸಮೂಹದ ಸರಾಸರಿಯನ್ನೇ ಹೊರತು ಒಬ್ಬೊಬ್ಬರ ಆರೋಗ್ಯವನ್ನಲ್ಲ. ಈಗಿನ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಅವನ ಸಂಗಡಿಗರ ಲೇಖನದಿಂದ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಆ ಸೂತ್ರಕ್ಕೆ ಇಳಿದದ್ದು ಕೊಬ್ಬೋ ಸ್ನಾಯುವೋ, ವ್ಯಾಯಾಮದಿಂದಲೋ ರೋಗದಿಂದಲೋ ಎಂಬುದು ಕಾಣುವುದೇ ಇಲ್ಲ.

ಹಾಗಾದರೆ ಯಾರೂ ಯಾರ ಮೈಯ ಬಗ್ಗೆಯೂ ಬಾಯಿ ತೆರೆಯಬಾರದು ಎಂದು ಹೇಳುವವರಿದ್ದಾರೆ. ನನಗೆ ಅದೂ ಒಪ್ಪಿಗೆಯಿಲ್ಲ. ಪ್ರಯತ್ನವಿಲ್ಲದೆ 6ರಿಂದ 12 ತಿಂಗಳಲ್ಲಿ ದೇಹದ ತೂಕದ 5 ಶೇಕಡಾ, ಅಂದರೆ 60 ಕಿಲೋ ಇದ್ದವರು 3 ಕಿಲೋ ಇಳಿದರೂ, ವೈದ್ಯರು ಕಾರಣ ಹುಡುಕುತ್ತಾರೆ. ಆ ಇಳಿತ ಎಷ್ಟೋ ಸಲ ಮೊದಲು ಕಾಣುವುದು ಬೇರೆಯವರ ಕಣ್ಣಿಗೆ. ಅತ್ತಿಗೆಯನ್ನು ರಕ್ತಪರೀಕ್ಷೆಗೆ ಕಳಿಸಿದ್ದು ಕೂಡ ಬಹಳ ದಿನಗಳ ಮೇಲೆ ಸಿಕ್ಕ ಗೆಳತಿಯೊಬ್ಬರು ಕೇಳಿದ "ಹುಷಾರಾಗಿದ್ದೀಯಾ? ನಿದ್ದೆ ಮಾಡುತ್ತಿದ್ದೀಯಾ?" ಎಂಬ ಎರಡು ಪ್ರಶ್ನೆಗಳು. ಆಕೆ ಕಂಡದ್ದೂ ಚಿಕ್ಕಮ್ಮ ಕಂಡ ಅದೇ ಮೈಯನ್ನು, ಆದರೆ ಆಕೆ ಉತ್ತರಕ್ಕಾಗಿ ಕಾದರು.

ಚಿಕ್ಕಮ್ಮನಿಗೆ ಇಷ್ಟನ್ನಾದರೂ ತಿಳಿಸಬೇಕು ಎನಿಸುತ್ತದೆ, ಆದರೆ ಯಾರಿಗೂ ಹೇಳಬೇಡವೆಂದು ಅತ್ತಿಗೆ ಮಾತು ತೆಗೆದುಕೊಂಡಿದ್ದಾರೆ. ಅಣ್ಣನಿಂದಲೇ ಹೇಳಿಸೋಣವೆಂದರೆ, ಎಲ್ಲ ಗೊತ್ತಿದ್ದೂ ಅವನು ನಿನ್ನೆ ಹಳೆಯ ಫೋಟೋ ಒಂದನ್ನು ನೋಡಿ, "ಅದಕ್ಕಿಂತ ಈಗಲೇ ಚೆನ್ನಾಗಿದ್ದೀಯ" ಎಂದನಂತೆ. ಸಮಾಧಾನಕ್ಕೆಂದೇ ಅಂದಿರಬೇಕು. ಅತ್ತಿಗೆ ಅದನ್ನು ನನಗೆ ಹೇಳುವಾಗ ಬೇಸರವನ್ನೂ ತೋರಿಸಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ, ಹಾಗಾಗಿ ನಾಳೆ ಅವನು ಒಬ್ಬನೇ ಸಿಕ್ಕರೆ ಮೊದಲು ಮಾತ್ರೆಯ ವಿಷಯ ಎತ್ತುವುದೋ, ಇಲ್ಲ ಈ ಫೋಟೋದ್ದೋ...